ಪುಸ್ತಕದ ಮೇಲಿನ ಕುಂಕುಮ

ನನ್ನ ಕೆಲಸಕ್ಕೆ ಸರಿಯಾದ ಒಂದು ಹೆಸರು ಎಂದೂ ಇರಲಿಲ್ಲ. ನೇಮಕದ ಪತ್ರದಲ್ಲಿ ‘ಸಂಚಾರಿ ವಾಚನಾಲಯದ ಸಹಾಯಕಿ’ ಎಂದು ಬರೆದಿದ್ದರು. ಹುನಗುಂದ, ಇಳಕಲ್ಲಿನ ಕಡೆ ನಾನು ‘ಪುಸ್ತಕದ ಅಕ್ಕೋರು’. ಬಾಗಲಕೋಟೆಯ ನಮ್ಮ ಕ್ರೈಸ್ತ ಸಭೆಯ ಹೆಂಗಸರು ಮಾತ್ರ “ಪಾಪ, ಕರುಣಾ ಊರೂರು ತಿರುಗತಾಳ” ಎನ್ನುತ್ತಿದ್ದರು. ಅದರಲ್ಲಿ ಅರ್ಧ ಮೆಚ್ಚಿಕೆ, ಅರ್ಧ ಮರುಕ. ಮದುವೆಯಾದ ಮೇಲೂ ತಿರುಗಾಟ ನಿಲ್ಲಲಿಲ್ಲವಾದ್ದರಿಂದ ಮರುಕದ ಪಾಲು ಸ್ವಲ್ಪ ಹೆಚ್ಚಾಯಿತು.

ಈಗ ವಾಚನಾಲಯದ ಕೆಲಸಕ್ಕೆ ಸೇರುತ್ತಿರುವ ನಮ್ಮ ಹುಡುಗ ಹುಡುಗಿಯರು ಬಂದು, ನಿಮ್ಮ ಕಾಲದಾಗ ಹೆಂಗಿತ್ತು ಬರದ ಕೊಡ್ರಿ ಎಂದು ಬೆನ್ನು ಹತ್ತಿದ್ದಾರೆ. ನನ್ನ ನೌಕರಿ ಯಾವಾಗ ಕಾಯಂ ಆಯಿತು, ಪಗಾರ ಯಾವಾಗ ಏರಿತು ಎಂಬುದೆಲ್ಲ ಹಳೆಯ ಕಡತದಲ್ಲಿ ಇದ್ದೀತು; ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಒಂದು ತಪ್ಪಂತೂ ನಮ್ಮಂಥವರೇ ಮಾಡಲು ಸಾಧ್ಯವಾದದ್ದು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ಆರಂಭ. ಅಣೆಕಟ್ಟಿನ ಹಿನ್ನೀರು ಇನ್ನೂ ಬಾರದಿದ್ದ ಹಳೆಯ ಬಾಗಲಕೋಟೆಯಲ್ಲಿ, ನಮ್ಮ ಸಭೆಯ ದೇವಾಲಯದ ಆವರಣದಲ್ಲೇ ಒಂದು ವಾಚನಾಲಯವಿತ್ತು. ಅಲ್ಲಿಂದ ಪುಸ್ತಕಗಳನ್ನು ಬಸ್ಸಿನಲ್ಲಿ ಹೊತ್ತೊಯ್ದು ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಓದಲು ಕೊಡುವುದು, ತಿಂಗಳು ಬಿಟ್ಟು ಹೋಗಿ ಹಿಂದಕ್ಕೆ ಪಡೆದು ಬೇರೆ ಕೊಡುವುದು. ಯೇಸುಸ್ವಾಮಿಯ ಕಥೆ ಹೇಳುವ ಸುವಾರ್ತೆಯ ಸಣ್ಣ ಪುಸ್ತಕಗಳು ಇದ್ದೇ ಇರುತ್ತಿದ್ದವು. ಅವುಗಳ ಜೊತೆಗೆ ಮಕ್ಕಳ ಕಥೆ, ಬಾಣಂತಿಯ ಆರೈಕೆ, ನಾಡಿನ ಇತಿಹಾಸ, ಕಾದಂಬರಿ. ದುಡ್ಡು ಕೇಳುವಂತಿಲ್ಲ, ಜಾತಿ ಕೇಳುವಂತಿಲ್ಲ.

ಓದುವುದನ್ನು ನನಗೆ ಕಲಿಸಿದವಳು ಓದಲು ಬಾರದ ನಮ್ಮ ಆಯಿ, ಅಂದರೆ ತಂದೆಯ ತಾಯಿ. ಸಂಜೆ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತರೆ ನಾನು ಎದುರಿಗೆ ಕೂತು ವೇದಪುಸ್ತಕವನ್ನು, ನಮ್ಮ ಬೈಬಲ್ಲನ್ನು, ಓದಬೇಕು. ನಾನು ಗಡಿಬಿಡಿಯಲ್ಲಿ ಓಡಿಸಿದರೆ ಮೊರದ ಸದ್ದು ನಿಲ್ಲುತ್ತಿತ್ತು. “ಯಾರು ಬೆನ್ನ ಹತ್ಯಾರ ನಿನಗ?” ಎನ್ನುವಳು. ಮತ್ತೆ ಮೊದಲಿನಿಂದ. ಬೀಸುವ ಪದ, ಕಣದ ಹಂತಿ ಹಾಡು, ಸುವಾರ್ತೆ ಎಲ್ಲವೂ ಆಕೆಯ ಬಾಯಲ್ಲಿ ಒಂದೇ ಕನ್ನಡದಲ್ಲಿ ಇದ್ದವು. ನನ್ನ ಮಾತಿನಲ್ಲಿ ರುಚಿ ಏನಾದರೂ ಇದ್ದರೆ ಅದು ಆಕೆಯ ಕೈಗುಣ.

ಹುನಗುಂದದ ಸಂತೆಯಲ್ಲಿ ಆದದ್ದು ನನ್ನ ಮೊದಲ ತಪ್ಪು. ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿ, ಬದನೆಕಾಯಿ ಹರಡಿದ ಹಾಗೆ ಪುಸ್ತಕ ಹರಡಿಕೊಂಡು ಕೂತೆ. ಬಂದವರೆಲ್ಲ ನೋಡಿದರು, ಒಬ್ಬರೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರುಮಾಲು ಸುತ್ತಿದ ಒಬ್ಬ ಮುದುಕ ಬಂದು ನಿಂತ.

“ಏನವಾ, ಇವು ಓದೂ ಪುಸ್ತಕೇನು?”

“ಹೌದ್ರಿ ಯಜ್ಜಾ. ನಮ್ಮ ದೇವರ ಪುಸ್ತಕಾನೂ ಅದಾವು.”

“ಮತ್ತ ನೆಲದಾಗ ಇಟ್ಟೀಯಲ್ಲ?”

“ತಟ್ಟು ಹಾಸೇನ್ರಿ.”

“ತಟ್ಟಿನ ಮ್ಯಾಲೆ ನಾವು ಉಳ್ಳಾಗಡ್ಡಿ ಇಡ್ತೀವಿ. ದೇವರ ಪುಸ್ತಕ ಅಂತಿ, ಉಳ್ಳಾಗಡ್ಡಿ ಜೋಡಿ ಕುಂಡ್ರಿಸಿ. ಮಂದಿ ಕಾಲು ಹತ್ತತೈತಿ ಅಂತ ದೂರ ಹೊಂಟಾರ, ನೋಡಿಲ್ಲೇನು?”

ಪಕ್ಕದ ಚಹಾ ಅಂಗಡಿಯ ಮೌಲಾಸಾಬ ಇದನ್ನೆಲ್ಲ ಕೇಳುತ್ತಿದ್ದ. ನಲವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಗಿರಾಕಿಗಳನ್ನು ಎಬ್ಬಿಸಿ, ಅವರು ಕೂತಿದ್ದ ಹೊರಸನ್ನು ಹೊತ್ತು ತಂದು ನನ್ನ ಮುಂದೆ ಹಾಕಿದ. “ಇದರ ಮ್ಯಾಲೆ ಇಡ್ರಿ ಅಕ್ಕೋರ. ಮಂದಿ ನಿಂತ ಚಾ ಕುಡೀಲಿ.” ಹೊರಸಿನ ಮೇಲೆ ನಮ್ಮ ಅಂಗಡಿ ಏರಿದ್ದೇ ತಡ, ಸಂಜೆಯೊಳಗೆ ಹನ್ನೆರಡು ಪುಸ್ತಕ ಹೋದವು. ಆ ಮುದುಕನೇ ಮೊದಲು ಒಯ್ದ. ಅಂದಿನಿಂದ ಹುನಗುಂದದಲ್ಲಿ ಬಸ್ಸು ಬದಲಿಸುವಾಗಲೆಲ್ಲ ಮೌಲಾಸಾಬನ ಅಂಗಡಿಯಲ್ಲಿ ನನಗೊಂದು ಚಹಾ ಕಾದಿರುತ್ತಿತ್ತು.

ಬಾದಾಮಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದರು. ಒಂದೇ ಕಥೆಯನ್ನು ನಾಲ್ವರು ಹೇಳುವ ನಾಲ್ಕೂ ಸುವಾರ್ತೆಗಳನ್ನು ಒಯ್ದು, ತಿಂಗಳು ಬಿಟ್ಟು ನಾನು ಹೋದಾಗ ಪೆನ್ಸಿಲಿನಿಂದ ಬರೆದ ಹಾಳೆ ಹಿಡಿದು ಬಂದರು. “ಬಾಯಾರ, ನಾಲ್ಕು ಮಂದಿ ಸಾಕ್ಷಿ ಹೇಳ್ಯಾರ. ಹೇಳಿಕಿ ತಾಳೆ ಆಗವೊಲ್ಲವು. ಒಬ್ಬಾವ ಒಂದ ಹೇಳ್ತಾನ, ಇನ್ನೊಬ್ಬಾವ ಅದನ್ನ ಬಿಟ್ಟಾನ.” ಸಭೆಯ ಪಾಠಶಾಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. ಏನೋ ತೊದಲಿದೆ. ಹವಾಲ್ದಾರರು ಕೈ ಎತ್ತಿ ತಡೆದರು. “ತಡೀರಿ, ನಂದು ಮುಗದಿಲ್ಲ. ಮೂವತ್ತು ವರ್ಷ ಇಲಾಖೆದಾಗ ದುಡದೇನಿ. ನಾಲ್ಕೂ ಸಾಕ್ಷಿ ಒಂದ ನಮೂನಿ ಹೇಳಿದ್ರ ಯಾರೋ ಪಾಠ ಮಾಡಿಸ್ಯಾರ ಅಂತ ತಿಳೀಬೇಕು. ಇವರು ಬ್ಯಾರೆ ಬ್ಯಾರೆ ಹೇಳ್ಯಾರ, ಅಂದಮ್ಯಾಲೆ ಏನೋ ನೋಡ್ಯಾರ.” ಅಷ್ಟು ಹೇಳಿ, ಚಾಲುಕ್ಯರ ಇತಿಹಾಸದ ಪುಸ್ತಕ ಕೇಳಿ ಪಡೆದು ಹೋದರು.

ಇದನ್ನು ಬಾಗಲಕೋಟೆಗೆ ಬಂದು ನಮ್ಮ ಅಯ್ಯನವರಿಗೆ ಹೇಳಿದೆ. ಸಭೆಯ ಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ವಾಚನಾಲಯದ ಮೇಲಧಿಕಾರಿಯೂ ಅವರೇ. ಸಮುವೇಲ ಅಯ್ಯನವರು ಎಂದರೆ ಇಸ್ತ್ರಿಯ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಏನನ್ನೂ ಹೊರದ ನಡಿಗೆ. ಹವಾಲ್ದಾರರ ಮಾತಿಗೆ “ಹೂಂ” ಎಂದರು ಅಷ್ಟೇ. ಎರಡು ವಾರ ಕಳೆದ ಮೇಲೆ ಆದಿತ್ಯವಾರದ ಆರಾಧನೆಯ ಪ್ರಸಂಗದಲ್ಲಿ ಆ ಮಾತು ಅಕ್ಷರಶಃ ಬಂತು. ಹವಾಲ್ದಾರರ ಹೆಸರು ಬರಲಿಲ್ಲ, ನನ್ನದು ಮೊದಲೇ ಇಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು ಹಿಗ್ಗಿ ಹೀರೇಕಾಯಿಯಾದೆ.

ಅಯ್ಯನವರಿಗೆ ಒಂದು ನಿಯಮವಿತ್ತು. ಪುಸ್ತಕಕ್ಕೆ ಕಲೆ ಬಿದ್ದರೆ, ಹಾಳೆ ಮಡಚಿದರೆ ಅದು ಕೆಟ್ಟಿತು. ಒಂದು ಊರಲ್ಲಿ ವರ್ಷಕ್ಕೆ ಹತ್ತು ಪುಸ್ತಕ ಕೆಟ್ಟರೆ ಆ ಊರಿನ ಪೆಟ್ಟಿಗೆ ವಾಪಸು. ಪೆಟ್ಟಿಗೆ ಅಂದರೆ ತಗಡಿನ ಟ್ರಂಕು. ಓದುವವರು ಹೆಚ್ಚಾದ ಮೇಲೆ ಒಂದೊಂದು ಊರಲ್ಲಿ ಒಂದೊಂದು ಟ್ರಂಕನ್ನು ನಂಬಿಗಸ್ತರ ಮನೆಯಲ್ಲಿ ಇಟ್ಟಿದ್ದೆವು. ಇಳಕಲ್ಲಿನದು ಇದ್ದದ್ದು ಗಂಗವ್ವನ ಮನೆಯಲ್ಲಿ.

ಗಂಗವ್ವನ ಗಂಡ ಸಂಗಪ್ಪ ಸೀರೆ ನೇಯುವವನು. ನೇಕಾರರ ಓಣಿಯಲ್ಲಿ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ, ಆತ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರೆ ಆಕೆ ಬಾಗಿಲ ಬೆಳಕಿಗೆ ಕೂತು ರಾಟಿಯ ಮೇಲೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಾನು ಹೋದ ದಿನ ಅಕ್ಕಪಕ್ಕದ ಏಳೆಂಟು ಹೆಂಗಸರು ತಮ್ಮ ತಮ್ಮ ರಾಟಿ ಎತ್ತಿಕೊಂಡು ಅಲ್ಲಿಗೇ ಬರುತ್ತಿದ್ದರು. ನಾನು ಓದಬೇಕು, ಅವರು ಸುತ್ತಬೇಕು. ಮಗ್ಗದ ಸದ್ದಿನ ನಡುವೆ ಓದುವುದಕ್ಕೆ ಒಂದು ಹದ ಬೇಕು. ಲಾಳಿ ಆ ಕಡೆಯಿಂದ ಈ ಕಡೆ ಬಂದು ಹಣಿಗೆ ಬಡಿಯುವ ಸಂದಿಯಲ್ಲಿ ವಾಕ್ಯ ಮುಗಿಸಬೇಕು. ಆಯಿಯ ಮೊರದ ಮುಂದೆ ಪಳಗಿದವಳಿಗೆ ಅದು ಕಷ್ಟವಾಗಲಿಲ್ಲ. ಕಥೆ ಬಿಗಿಯಾದ ಕಡೆ ಸಂಗಪ್ಪ ಮಗ್ಗ ನಿಲ್ಲಿಸುತ್ತಿದ್ದ. ಗಂಗವ್ವ ಗದರುವಳು: “ನಿನಗಲ್ಲ ಓದೂದು, ನೇಯಿ.”

ಯೇಸುಸ್ವಾಮಿ ಪರಜಾತಿಯ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದ ಭಾಗ ಓದಿದ ದಿನ ರಾಟಿಗಳೆಲ್ಲ ನಿಂತವು. “ಕೊಟ್ಟಳೇನ್ರಿ ನೀರು?” ಎಂದು ಒಬ್ಬಳು. “ಕೊಡಾಕ ಕೊಡ ಇತ್ತು, ಮನಸ್ಸು ಬೇಕಲ್ಲ” ಎಂದು ಇನ್ನೊಬ್ಬಳು. ಗಂಗವ್ವ ಒಳಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದು ನನ್ನ ಕೈಗಿಟ್ಟಳು. ಅಲ್ಲಿಯವರೆಗೆ ನಾನು ಬಾಟಲಿಯಲ್ಲಿ ನೀರು ಒಯ್ಯುತ್ತಿದ್ದೆ, ಅವರು ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಆಕೆಗೆ ಅಕ್ಷರ ಕಲಿಸಿದ್ದು ನನ್ನ ನೌಕರಿಯ ದೊಡ್ಡ ಹೆಮ್ಮೆ. ಸ್ಲೇಟು ಹಿಡಿಯಲು ಆಕೆಗೆ ನಾಚಿಕೆ. ಅದಕ್ಕೆ ಉಳಿದ ನೂಲಿನ ತುಂಡುಗಳನ್ನು ನೆಲದ ಮೇಲೆ ಬಳಸಿ ಅಕ್ಷರ ಮಾಡಿಸಿದೆ. ನೂಲು ಆಕೆಯ ಕೈಮಾತು ಕೇಳುತ್ತಿತ್ತು. ಒಂದು ವರ್ಷದಲ್ಲಿ ಕೂಡಿಸಿ ಓದುವಷ್ಟಾದಳು. ಅವಳಿಂದ ಓಣಿಯ ಮೂರು ಮಂದಿ ಕಲಿತರು. ಪದ್ಧತಿ ಯಾವ ಪುಸ್ತಕದಲ್ಲೂ ಇರಲಿಲ್ಲ; ಆಮೇಲೆ ಹುನಗುಂದದಲ್ಲಿ ಜೋಳದ ಕಾಳಿನಿಂದ, ಬಾದಾಮಿಯಲ್ಲಿ ಕಲ್ಲುಹರಳಿನಿಂದ ಇದನ್ನೇ ಮಾಡಿದೆ.

ಇನ್ನು ಆ ತಪ್ಪಿನ ಮಾತು.

ದಸರೆಯ ಹೊತ್ತು. ನನ್ನ ಸರದಿ ಇಳಕಲ್ಲಿಗೆ ಬಿದ್ದದ್ದು ಸರಿಯಾಗಿ ಖಂಡೆಪೂಜೆಯ ದಿನ. ಆ ದಿನ ಮಂದಿ ತಾವು ದುಡಿಯುವ ಸಾಮಾನನ್ನು ಪೂಜಿಸುತ್ತಾರೆ ಎಂದು ನನಗೆ ಗೊತ್ತಿತ್ತು, ನೋಡಿದವಳಲ್ಲ. ನಮ್ಮ ಮನೆಗಳಲ್ಲಿ ಆ ದಿನ ಬಾಗಿಲು ಮುಂದೆ ಮಾಡಿ ಒಳಗೇ ಇರುವುದು ರೂಢಿ. ಗಂಗವ್ವನ ಮನೆಗೆ ಕಾಲಿಟ್ಟರೆ ಮಗ್ಗ ಸುಮ್ಮನಿತ್ತು. ಲಾಳಿಗೆ, ಹಣಿಗೆಗೆ, ರಾಟಿಗೆ ಅರಿಷಿಣ ಕುಂಕುಮ, ಚೆಂಡುಹೂವು. ಅವುಗಳ ಸಾಲಿನಲ್ಲೇ ನಮ್ಮ ಟ್ರಂಕು. ಟ್ರಂಕಿನ ಮೇಲೆ ಒಂದು ಸುವಾರ್ತೆಯ ಪುಸ್ತಕ. ರಟ್ಟಿನ ನಡುವೆ ಅರಿಷಿಣದ ಮೂರು ಬೆರಳ ಗೆರೆ, ಅದರ ಮೇಲೆ ಕಾಸಗಲ ಕುಂಕುಮ.

ನನಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ವಿಶ್ವಾಸ ಎಂದರೆ ಕಾವಲು ಕಾಯುವುದು ಎಂದು ತಿಳಿದಿದ್ದ ಪ್ರಾಯ. ಇಷ್ಟು ದಿನ ಓದಿದ್ದೆಲ್ಲ ನೀರಲ್ಲಿ ಹೋಯಿತು, ಇವರು ಪುಸ್ತಕವನ್ನೂ ಮೂರ್ತಿ ಮಾಡಿದರು ಎಂದು ಎದೆ ಉರಿಯಿತು. ಅದರ ಮೇಲೆ, ಆ ವರ್ಷ ಇಳಕಲ್ಲಿನಲ್ಲಿ ಆಗಲೇ ಏಳು ಪುಸ್ತಕ ಕೆಟ್ಟಿದ್ದವು. ಹಿಂದೆ ಮುಂದೆ ನೋಡದೆ ಸೆರಗಿನ ತುದಿಯನ್ನು ತಂಬಿಗೆಯ ನೀರಿಗೆ ಅದ್ದಿ, ಪುಸ್ತಕದ ಮೇಲಿನ ಕುಂಕುಮವನ್ನು ತಿಕ್ಕಿ ಒರೆಸಿದೆ.

ಗಂಗವ್ವ “ಅಯ್ಯ!” ಎಂದು ಉಸಿರೆಳೆದುಕೊಂಡಳು. ಆರತಿಗೆ ಬಂದಿದ್ದ ಮುತ್ತೈದೆಯರೆಲ್ಲ ಎದ್ದು ನಿಂತರು. ಪಕ್ಕದ ಮನೆಯ ಬಸವ್ವ ಬಾಯಿ ಬಡಿದುಕೊಂಡಳು. “ಹಬ್ಬದಾಗ, ಮುತ್ತೈದಿ ಮನ್ಯಾಗ, ಕುಂಕುಮ ಒರಸಿದಳಲ್ಲ ಇಕಿ! ಸಂಗಪ್ಪ ಎದ್ರಿಗೆ ಕುಂತಾನ!”

ಆಗ ನನಗೆ ತಿಳಿಯಿತು. ಕುಂಕುಮ ಒರೆಸುವುದು ಯಾವ ಹೊತ್ತಿನ ಕೆಲಸ, ಯಾರಿಗೆ ಮಾಡುವ ಕೆಲಸ ಎಂದು ಈ ನಾಡಿನ ಸಣ್ಣ ಹುಡುಗಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಹಣೆಗೆ ಎಂದೂ ಇಟ್ಟವಳಲ್ಲವಾದ್ದರಿಂದ ಅದು ಬರೀ ಕಲೆಯಾಗಿ ಕಂಡಿತ್ತು.

ಗಂಗವ್ವ ಜಗಳ ಮಾಡಲಿಲ್ಲ. ಒಂದೇ ಮಾತು ಕೇಳಿದಳು. “ಅಕ್ಕೋರ, ನಿಮ್ಮ ಯೇಸುಸ್ವಾಮಿ ಕುಂಕುಮ ಬ್ಯಾಡ ಅಂತ ಎಲ್ಲಿ ಹೇಳ್ಯಾನ, ಆ ಹಾಳಿ ತೋರಸ್ರಿ.”

ಕುಂಕುಮ ಒರೆಸಿದ ಪುಸ್ತಕವನ್ನು ಕೆಟ್ಟದ್ದೆಂದು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ.

ಹದಿನೈದು ದಿನಕ್ಕೆ ಇಳಕಲ್ಲಿನಿಂದ ಸುದ್ದಿ ಬಂತು: ಸಂಗಪ್ಪ ವಿಷಮಜ್ವರದಿಂದ ಮಲಗಿದ್ದಾನೆ, ಮಗ್ಗ ನಿಂತಿದೆ, ಓಣಿಯೆಲ್ಲ ನನ್ನ ಹೆಸರು ಹಿಡಿದು ಮಾತಾಡುತ್ತಿದೆ. ಜ್ವರ ಕುಂಕುಮದಿಂದ ಬರುವುದಿಲ್ಲ ಎಂದು ನನಗೆ ಗೊತ್ತು. ಆದರೆ ಆತ ಏಳದೆ ಹೋದರೆ ಗಂಗವ್ವ ಜೀವ ಇರುವತನಕ ಯಾವ ಗಳಿಗೆಯನ್ನು ನೆನೆಯುತ್ತಾಳೆ ಎಂಬುದೂ ಗೊತ್ತು.

ಅಯ್ಯನವರಿಗೂ ಸುದ್ದಿ ಮುಟ್ಟಿತ್ತು. “ಇಳಕಲ್ಲಿನ ಪೆಟ್ಟಿಗಿ ತಗೊಂಡ ಬಾ ಕರುಣಾ. ಪೂಜಿ ಮಾಡೂ ಮನ್ಯಾಗ ನಮ್ಮ ಪುಸ್ತಕ ಇಡೂದು ಬ್ಯಾಡ,” ಎಂದರು.

“ಸ್ವಲ್ಪ ದಿನ ಬಿಡ್ರಿ ಅಯ್ಯನವರ.”

“ಯಾಕ?”

“ತಪ್ಪು ನಂದೈತಿ.”

ಅವರು ಕನ್ನಡಕದ ಮೇಲಿಂದ ನೋಡಿ, “ಒಂದು ಸರದಿ” ಎಂದರು.

ಆ ರಾತ್ರಿಯಿಂದ ವೇದಪುಸ್ತಕ ಹಿಡಿದು ಕೂತೆ. ಕುಂಕುಮದ ಮಾತು ಎಲ್ಲಿದೆ ಎಂದು ಮೊದಲ ಹಾಳೆಯಿಂದ ಹುಡುಕಿದೆ. ಕೆಲಸಕ್ಕಾಗಿ ಓದುವುದು ಬೇರೆ, ಉತ್ತರ ಕೊಡಬೇಕಾಗಿ ಬಂದು ಓದುವುದು ಬೇರೆ. ನಾನು ಸರಿಯಾಗಿ ಓದಿದ್ದು ಆಗಲೇ ಎನ್ನಬೇಕು. ವಿಗ್ರಹದ ಮಾತು ಬೇಕಾದಷ್ಟಿತ್ತು. ಪುಸ್ತಕಕ್ಕೆ ಒಬ್ಬ ಹೆಂಗಸು ಮರ್ಯಾದೆ ಮಾಡಿದರೆ ಒರೆಸಿಬಿಡು ಎಂದು ಎಲ್ಲೂ ಇರಲಿಲ್ಲ. ಹಾಗೆ ಹುಡುಕುತ್ತ, ಗಂಗವ್ವನ ಮನೆಯಿಂದ ತಂದಿದ್ದ ಆ ಸಣ್ಣ ಪುಸ್ತಕವನ್ನೂ ತೆರೆದೆ.

ರಟ್ಟನ್ನಷ್ಟೇ ನೋಡಿ ಕೆಟ್ಟಿತೆಂದು ಬರೆದಿದ್ದೆ. ಒಳಗೆ ಹಾಳೆಹಾಳೆಯ ಕೆಳಮೂಲೆಯಲ್ಲಿ ಹೆಬ್ಬೆಟ್ಟಿನ ಹಳದಿ ಗುರುತು. ಅದು ಪೂಜೆಯ ಅರಿಷಿಣವಲ್ಲ, ಅಡುಗೆಯದು. ಒಲೆಯ ಮುಂದೆ ಕೂತು, ಪಲ್ಯಕ್ಕೆ ಒಗ್ಗರಣೆ ಹಾಕಿದ ಕೈಯಿಂದಲೇ ಹಾಳೆ ತಿರುವಿದ್ದಾಳೆ. ಕೆಲವು ಹಾಳೆಗೆ ಒಂದೇ ಗುರುತು. ಕಠಿಣ ಶಬ್ದಗಳಿರುವ ಕಡೆ ನಾಲ್ಕೈದು; ಅಲ್ಲಿ ಮತ್ತೆ ಮತ್ತೆ ಬಂದಿದ್ದಾಳೆ. ಪುಸ್ತಕದ ಮುಕ್ಕಾಲು ಭಾಗದವರೆಗೆ ಗುರುತು ನಡೆದು, ಅಲ್ಲಿಂದ ಮುಂದೆ ಹಾಳೆಗಳು ಬಿಳಿ. ಆಕೆಯ ಓದು ಅಲ್ಲಿಗೆ ಮುಟ್ಟಿದ್ದಾಗಲೇ ನಾನು ಕಸಿದುಕೊಂಡು ಬಂದದ್ದು. ಕೆಟ್ಟವೆಂದು ಕಟ್ಟಿಟ್ಟಿದ್ದ ಉಳಿದ ಏಳನ್ನೂ ತೆಗೆದು ನೋಡಿದೆ. ಅವುಗಳಲ್ಲೂ ಅದೇ ಕಥೆ. ಓದದ ಪುಸ್ತಕಗಳೆಲ್ಲ ಸ್ವಚ್ಛವಾಗಿದ್ದವು, ಅವನ್ನು ನಾವು ಒಳ್ಳೆಯವು ಎಂದು ಬರೆದುಕೊಂಡಿದ್ದೆವು.

ಮುಂದಿನ ಸರದಿಗೆ ಹುನಗುಂದದಲ್ಲಿ ಇಳಿದಾಗ ಮೌಲಾಸಾಬನ ಮುಂದೆ ಎಲ್ಲ ಹೇಳಿಕೊಂಡೆ. ಅವನು ಬಸಿಯಲ್ಲಿ ಚಹಾ ಹೊಯ್ದು ಕೊಟ್ಟು, “ನಮ್ಮ ಮನ್ಯಾಗ ಕುರಾನ್ ಕಪಾಟಿನ ಮ್ಯಾಲೆ, ಹಸರು ಅರಿವ್ಯಾಗ ಕಟ್ಟಿ ಇಡ್ತೀವ್ರಿ. ಯಾರರ ಬಂದು ಆ ಅರಿವಿ ಹರದ್ರ ನಮಗ ಹೆಂಗ ಆಗಬಾರದು?” ಎಂದ. ಬಸಿ ಹಿಂದಕ್ಕೆ ಪಡೆಯುತ್ತ, “ಹೋಗ್ರಿ. ಬೈತಾರ, ಬೈಸಿಕೊಳ್ರಿ. ಚಾದ ರೊಕ್ಕ ಬ್ಯಾಡ ಇವತ್ತು” ಎಂದ.

ಇಳಕಲ್ಲಿನ ಓಣಿಯಲ್ಲಿ ಯಾರೂ ಮಾತಾಡಿಸಲಿಲ್ಲ. ರಾಟಿಗಳು ಒಳಗೆ ಹೋದವು. ಬಸವ್ವ ಕಟ್ಟೆಯ ಮೇಲಿನಿಂದ, “ಬಂದಳ ನೋಡ, ಇನ್ನೇನರ ಒರಸೂದು ಉಳದೈತೇನ” ಎಂದು ನನಗೆ ಕೇಳುವ ಹಾಗೆ ಹೇಳಿದಳು. ಗಂಗವ್ವ ಬಾಗಿಲಲ್ಲೇ ನಿಂತಿದ್ದಳು. ಒಂದು ತಿಂಗಳಲ್ಲಿ ಹತ್ತು ವರ್ಷ ಹೆಚ್ಚಾಗಿತ್ತು.

“ಬ್ಯಾಡ್ರಿ ಅಕ್ಕೋರ. ಟ್ರಂಕ್ ಒಯ್ಯಾಕ ಬಂದಿದ್ರ ಒಯ್ರಿ.”

“ಟ್ರಂಕಿಗಿ ಬಂದಿಲ್ಲ ಗಂಗವ್ವ. ನೀ ಒಂದ ಮಾತು ಕೇಳಿದ್ಯಲ್ಲ, ಅದಕ್ಕ ಉತ್ರ ಹೇಳಾಕ ಬಂದೇನಿ. ಪುಸ್ತಕ ಪೂರಾ ಓದಿದೆ. ನೀ ಕೇಳಿದ ಹಾಳಿ ಅದರಾಗ ಇಲ್ಲ. ನಾ ತಪ್ಪು ಮಾಡೇನಿ. ನೀ ಎಷ್ಟು ಓದೀದಿ ಅನ್ನೂದು ಸುದ್ದಾ ನೋಡದ ಮಾಡೇನಿ.” ಆ ಪುಸ್ತಕವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದೆ.

ಆಕೆ ತಗೊಳ್ಳಲಿಲ್ಲ. ಒಳಗೆ ಹೋಗಿ ಕುಂಕುಮದ ಭರಣಿ ತಂದು ನನ್ನ ಮುಂದೆ ಹಿಡಿದಳು. “ಹಂಗಾದ್ರ ನೀವು ಒರಸಿದ್ದನ್ನ ನೀವ ಹಚ್ಚರಿ.”

ಓಣಿಯ ಬಾಗಿಲುಗಳಲ್ಲಿ ಮುಖಗಳು ಮೂಡಿದವು. ಒಂದು ಬೆರಳು ಅದ್ದಿ ಹಚ್ಚಿದ್ದರೆ ಎಲ್ಲ ಮುಗಿಯುತ್ತಿತ್ತು. ಯಾರು ನೋಡುತ್ತಿದ್ದರು ಬಾಗಲಕೋಟೆಯಿಂದ? ಆದರೆ ಹಚ್ಚಿದರೆ ಅದು ವೇಷವಾಗುತ್ತಿತ್ತು. ಮನಸ್ಸಿನಲ್ಲೇ ಪ್ರಾರ್ಥಿಸಿದೆ, ಉದ್ದ ಪ್ರಾರ್ಥನೆಗೆ ಪುರಸೊತ್ತಿರಲಿಲ್ಲ.

“ನಾ ಹಚ್ಚಂಗಿಲ್ಲ ಗಂಗವ್ವ. ಅದು ನನ್ನ ನಂಬಿಕಿ ಅಲ್ಲ. ಹಚ್ಚಿದ್ರ ನಿನಗೂ ಸುಳ್ಳು ಹೇಳಿದಂಗ, ನನ್ನ ದೇವರಿಗೂ ಸುಳ್ಳು ಹೇಳಿದಂಗ. ಆದ್ರ ನೀ ಹಚ್ಚು. ನೀ ಹಚ್ಚಿದ್ದನ್ನ ನಾ ಇನ್ನ ಮ್ಯಾಲೆ ಮುಟ್ಟಂಗಿಲ್ಲ, ಬ್ಯಾರೆಯವರಿಗೂ ಮುಟ್ಟಾಕ ಬಿಡಂಗಿಲ್ಲ.”

ಒಳಗಿನಿಂದ, ಹೊರಸಿನ ಮೇಲಿಂದ, ಸಂಗಪ್ಪನ ಸೋತ ದನಿ ಬಂತು. “ಒಳಗ ಕರಿ ಅಕಿನ್ನ. ಸುಳ್ಳಿನಾಕಿ ಆಗಿದ್ರ ಹಚ್ಚಿ, ಚಾ ಕುಡದು ಹೋಗಿರ್ತಿದ್ದಳು.”

ಜ್ವರ ಇಳಿಮುಖವಾಗಿತ್ತು. ಸರಕಾರಿ ದವಾಖಾನೆಯ ಗುಳಿಗೆ, ಗಂಗವ್ವನ ಗಂಜಿ. ನಾನು ಹೊರಸಿನ ಪಕ್ಕ ಕೂತು, ಹಳದಿ ಗುರುತು ನಿಂತ ಹಾಳೆಯಿಂದ ಮುಂದಕ್ಕೆ ಓದಿದೆ. ಗಂಗವ್ವ ಗೋಡೆಗೆ ಒರಗಿ ಕೇಳಿದಳು. ಅರ್ಧ ತಾಸಾದ ಮೇಲೆ ಬಸವ್ವ ರಾಟಿ ಹಿಡಿದುಕೊಂಡು ಹೊಸ್ತಿಲಲ್ಲಿ ಕಾಣಿಸಿಕೊಂಡಳು. “ಜೋರಾಗಿ ಓದ್ರಿ, ಇಲ್ಲಿ ಕೇಳವೊಲ್ಲದು,” ಎಂದಳು.

ಕೆಡುವ ಪುಸ್ತಕದ ಪ್ರಶ್ನೆ ಹಾಗೇ ಉಳಿದಿತ್ತಲ್ಲ. ಅದನ್ನು ಬಗೆಹರಿಸಿದವರು ಅವರೇ. ಮಗ್ಗದಿಂದ ಸೀರೆ ಕೊಯ್ದಾಗ ಉಳಿಯುವ ತುಂಡು, ಸೆರಗಿನ ಕೆಂಪು ತೆನೆಚಿತ್ತಾರದ ಚೂರು, ಇವುಗಳಿಂದ ಒಂದೊಂದು ಪುಸ್ತಕಕ್ಕೂ ಗವಸು ಹೊಲಿದರು. ಪೂಜೆಯ ಅರಿಷಿಣ ಕುಂಕುಮ ಗವಸಿಗೆ. ಪುಸ್ತಕ ಬೇಕಾದಾಗ ತೆಗೆದು ಓದುವುದು, ಓದಿ ಒಳಗಿಡುವುದು. ನಲವತ್ತು ಪುಸ್ತಕ ಇಳಕಲ್ಲಿನ ಸೀರೆ ಉಟ್ಟು ಟ್ರಂಕಿನಲ್ಲಿ ಸಾಲಾಗಿ ಕೂತವು. ಆದರೆ ಒಲೆಯ ಮುಂದಿನ ಹೆಬ್ಬೆಟ್ಟಿನ ಗುರುತುಗಳನ್ನು ಯಾವ ಗವಸು ತಡೆದೀತು? ಮರುವರ್ಷ ಹನ್ನೊಂದು ಪುಸ್ತಕ ಕೆಟ್ಟವು. ನಾನು ಮುಚ್ಚಿಡದೆ ಬರೆದೆ.

ಅಯ್ಯನವರು ರಿಜಿಸ್ಟರು ನೋಡಿ, “ಈ ಸಲ ನಾನ ಬರ್ತೇನಿ” ಎಂದರು.

ಬಸ್ಸಿನಲ್ಲಿ ಅವರು ರಿಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಟ್ರಂಕು ಹೊರಲು ಹಮಾಲನನ್ನೂ ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಗೊತ್ತು ಮಾಡಿದರು. ಮಗ್ಗದ ಸದ್ದಿನ ಓಣಿಯಲ್ಲಿ ಬಿಳಿ ಅಂಗಿ ಹೋಗುವುದನ್ನು ಎಲ್ಲರೂ ನಿಂತು ನೋಡಿದರು. ಗಂಗವ್ವ ಪಡಸಾಲೆಯಲ್ಲಿ ಚಾಪೆ ಹಾಸಿದ್ದಳು. ಸಂಗಪ್ಪ ಮಗ್ಗದ ಕುಣಿಯಿಂದಲೇ ಕೈ ಮುಗಿದ.

ಅಯ್ಯನವರು ಗವಸಿನ ಪುಸ್ತಕವೊಂದನ್ನು ಎತ್ತಿಕೊಂಡರು. ಕುಂಕುಮದ ಕಡೆ ಬೆರಳು ತೋರಿಸಿ, “ಇದು ಯಾಕವ್ವ?” ಎಂದರು.

“ಮರ್ಯಾದಿಗಿ ಮತ್ತ. ನಿಮ್ಮ ಗುಡ್ಯಾಗ ದೊಡ್ಡ ಪುಸ್ತಕಕ್ಕ ಕೆಂಪು ಮಖಮಲ್ ಹೊದಿಸೀರಂತಲ್ಲ, ಜರಿ ಗೊಂಡೆ ಬ್ಯಾರೆ. ಅಕ್ಕೋರು ಹೇಳ್ಯಾರ. ನಮ್ಮ ಕೈಲೆ ಆದಷ್ಟು ನಾವು ಮಾಡೇವಿ.”

ಅಯ್ಯನವರು ಕೆಮ್ಮಿದರು. ಆ ಮಖಮಲ್ಲು ಅವರೇ ಆರಿಸಿ ತರಿಸಿದ್ದು. ಗವಸು ತೆಗೆದು ಒಳಗಿನ ಹಾಳೆ ತಿರುವಿದರು. ನಾನು ಹಳದಿ ಗುರುತುಗಳನ್ನು ತೋರಿಸಿ, ಎಲ್ಲಿ ಒಂದು, ಎಲ್ಲಿ ಐದು, ಯಾಕೆ ಎಂದು ವಿವರಿಸಿದೆ. ಅವರು ಗುರುತಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟು ನೋಡಿದರು. ಆದರೂ ನಿಯಮದ ಮನುಷ್ಯ. “ಎಲ್ಲಾ ಖರೆ. ಆದ್ರ ಹನ್ನೊಂದು ಪುಸ್ತಕ ಕೆಟ್ಟಾವು. ಪೆಟ್ಟಿಗಿ ಒಯ್ಯಬೇಕಾಕ್ಕೇತಿ,” ಎಂದರು, ನನ್ನನ್ನು ನೋಡದೆ.

ಗಂಗವ್ವ ಗಾಬರಿಯಾಗಲಿಲ್ಲ. “ಒಯ್ರಿ. ಕಟ್ಟಿ ಇಟ್ಟೇನಿ,” ಎಂದು ಒಳಗಿನಿಂದ ಹಳೆಯ ಸೀರೆಯಲ್ಲಿ ಕಟ್ಟಿದ ಎರಡು ಗಂಟು ತಂದು ಅವರ ಮುಂದಿಟ್ಟಳು. “ನಲವತ್ತೂ ಅದಾವು, ಎಣಿಸಿಕೊಳ್ರಿ. ಎಲ್ಲಾ ಓದಿ ಮುಗದಾವು. ಬಸವ್ವ ಎರಡೆರಡು ಸಲ ಓದ್ಯಾಳ. ಇನ್ನ ಇವನ್ನ ಇಟ್ಟುಕೊಂಡು ನಾವೇನು ಮಾಡೂದು?”

“ಮತ್ತ ಪೆಟ್ಟಿಗಿ?”

ಗಂಗವ್ವ ಖಾಲಿ ಟ್ರಂಕಿನ ಮುಚ್ಚಳ ಹಾಕಿ, ಅದರ ಮೇಲೆ ರಾಟಿ ಇಟ್ಟುಕೊಂಡು, ಪಕ್ಕದಲ್ಲೇ ಗಟ್ಟಿಯಾಗಿ ಕೂತಳು. “ಪೆಟ್ಟಿಗಿ ಕೆಟ್ಟಿಲ್ಲಲ್ರಿ ಅಯ್ಯನವರ. ಅದು ಇಲ್ಲೇ ಇರಲಿ.”

ಮಗ್ಗದ ಕುಣಿಯಲ್ಲಿ ಸಂಗಪ್ಪ ನಕ್ಕ. ಬಾಗಿಲಲ್ಲಿ ಬಸವ್ವ ಸೆರಗು ಬಾಯಿಗೊತ್ತಿಕೊಂಡಳು. ಅಯ್ಯನವರು ರಾಟಿಯನ್ನು ನೋಡಿದರು, ಗಂಗವ್ವನನ್ನು ನೋಡಿದರು, ಕಿಸೆಯ ಪೆನ್ನನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡರು. ಹಮಾಲನಿಗೆ ಕೂಲಿ ಕೊಟ್ಟು ಖಾಲಿ ಕೈಯಲ್ಲಿ ಕಳಿಸಿದರು. ಎರಡು ಗಂಟನ್ನು ಗಂಗವ್ವ, ಬಸವ್ವ ಬಸ್ಸಿನವರೆಗೆ ಹೊತ್ತು ತಂದರು.

ಮುಂದಿನ ತಿಂಗಳು ನಾನು ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಹೊಸ ಪುಸ್ತಕಗಳ ಗಂಟಿನ ಜೊತೆ ನಿಂತಿದ್ದೆ. ಇನ್ನೊಂದು ಗಂಟು ಹಿಂದಿನಿಂದ ಬರುತ್ತಿತ್ತು. ಸಮುವೇಲ ಅಯ್ಯನವರ ಹೆಗಲ ಮೇಲೆ. ಇಸ್ತ್ರಿಯ ಅಂಗಿ ಮುದುಡಿತ್ತು, ಮೈ ಬೆವೆತಿತ್ತು. ಕಂಡಕ್ಟರನಿಗೆ ನಂಬಿಕೆಯಾಗಲಿಲ್ಲ.

“ಏನ್ರಿ ಅಯ್ಯನವರ, ಇಷ್ಟೊಂದು ಹೊತಗೊಂಡು ಎಲ್ಲಿಗೆ?”

“ಇಳಕಲ್ಲಿಗಪಾ,” ಎಂದರು ಅಯ್ಯನವರು, ಗಂಟನ್ನು ಸೀಟಿನ ಮೇಲೆ ಜೋಪಾನವಾಗಿ ಇಳಿಸುತ್ತ. “ಅಲ್ಲಿ ಒಂದು ಪೆಟ್ಟಿಗಿ ಖಾಲಿ ಕುಂತೈತಿ.”